ಮೈಲಿ ಹೋಯಿತು, ಸರ್ಪಸುತ್ತು ಯಾಕೆ ಉಳಿಯಿತು?

ಸರ್ಪಸುತ್ತು ಎದ್ದವರ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಒಂದೇ: "ಹಾವಿನ ತಲಿ-ಬಾಲಾ ಕೂಡಿದ್ರ ಜೀವಾ ಉಳಿಯೂದಿಲ್ಲ." ಬೈಲಹೊಂಗಲ, ಕಿತ್ತೂರು ಇರಲಿ, ಸವದತ್ತಿ, ರಾಮದುರ್ಗ ಇರಲಿ, ಈ ಮಾತು ಕೇಳದೆ ಬೆಳೆದವರು ಕಡಿಮೆ. ಸೊಂಟದ ಒಂದು ಬದಿಗೆ ಗುಳ್ಳೆ ಎದ್ದು, ಬೆಂಕಿ ಇಟ್ಟಂತೆ ಉರಿಯತೊಡಗಿದರೆ ಮನೆಯವರ ಕಣ್ಣೆಲ್ಲ ಆ ಗುಳ್ಳೆಯ ಸಾಲಿನ ಮೇಲೆ. ಎಲ್ಲಿವರೆಗೆ ಬಂತು, ಇನ್ನೆಷ್ಟು ಉಳಿದಿದೆ ಎಂದು ದಿನಾ ನೋಡುವುದು.

ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಇದಕ್ಕಿಂತ ನೂರು ಪಟ್ಟು ಭಯ ಹುಟ್ಟಿಸುತ್ತಿದ್ದ ಇನ್ನೊಂದು ಗುಳ್ಳೆ ರೋಗ ಇತ್ತು: ಮೈಲಿ, ಅಂದರೆ ದೊಡ್ಡ ಸಿಡುಬು. ಅದು ಈಗ ಇಲ್ಲ. ನಮ್ಮ ಜಿಲ್ಲೆಯಲ್ಲಿ ಇಲ್ಲ, ದೇಶದಲ್ಲಿ ಇಲ್ಲ, ಭೂಮಿಯ ಮೇಲೆ ಯಾವ ಊರಿನಲ್ಲೂ ಇಲ್ಲ. ಎರಡೂ ವೈರಸ್‌ನಿಂದ ಬರುವ ರೋಗ. ಎರಡಕ್ಕೂ ನಾವು ದೇವರ ಹೆಸರು ಹೇಳಿದೆವು. ಒಂದು ಹೋಯಿತು, ಇನ್ನೊಂದು ಯಾಕೆ ಉಳಿಯಿತು?

ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಬೆಳಗಾವಿಯ ವ್ಯಾಕ್ಸಿನ್ ಡಿಪೋ, ಇಂಗ್ಲೆಂಡಿನ ಒಬ್ಬ ಹಳ್ಳಿ ಡಾಕ್ಟರ್, ಕೊನೆಗೆ ನಮ್ಮ ಮೈಯೊಳಗೇ ವಾಸ ಮಾಡುವ ವೈರಸ್‌ಗಳ ದೊಡ್ಡ ಸಂಸಾರ, ಎಲ್ಲವೂ ಒಂದೇ ದಾರದಲ್ಲಿ ಸಿಗುತ್ತವೆ. ಆ ಸಂಸಾರಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ವೈರೋಮ್.

ಅವ್ವ ಬಂದಾಳ

ಮೈಲಿ ಎದ್ದರೆ "ರೋಗ ಬಂತು" ಎನ್ನುತ್ತಿರಲಿಲ್ಲ. "ಅವ್ವ ಬಂದಾಳ" ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ತಪ್ಪಲು ಕಟ್ಟುವುದು, ಒಗ್ಗರಣೆ ಹಾಕದಿರುವುದು, ಹೊರಗಿನವರನ್ನು ಒಳಗೆ ಬಿಡದಿರುವುದು ಆ ಮನೆಯ ಕಟ್ಟಳೆ. ಗುಣವಾದ ಮೇಲೆ ಬೇವಿನ ನೀರಿನ ಸ್ನಾನ, ಅವ್ವನಿಗೆ ಮೊಸರನ್ನದ ಎಡೆ.

ಸವದತ್ತಿ ಯಲ್ಲಮ್ಮನ ಕಥೆಯಲ್ಲೂ ಚರ್ಮರೋಗ ಬರುತ್ತದೆ. ಜಮದಗ್ನಿಯ ಶಾಪದಿಂದ ರೇಣುಕೆಯ ಮೈ ಹುಣ್ಣಾಯಿತು, ಜೋಗುಳಬಾವಿಯಲ್ಲಿ ಮಿಂದು ಗುಣವಾಯಿತು ಎಂಬುದು ಗುಡ್ಡಕ್ಕೆ ಹೋದವರೆಲ್ಲ ಕೇಳಿದ ಕಥೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಜನರಲ್ಲಿ ಮೈಮೇಲಿನ ಕಾಯಿಲೆಗೆ ಹರಕೆ ಹೊತ್ತವರು ಇಂದಿಗೂ ಇದ್ದಾರೆ.

ಇದನ್ನೆಲ್ಲ ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ವಿಷಯ ಗಮನಿಸಿ. ಬಾಗಿಲಿಗೆ ಬೇವು ಕಟ್ಟಿದ ಮನೆಗೆ ಯಾರೂ ಹೋಗುತ್ತಿರಲಿಲ್ಲ. ಕೊರೊನಾ ಕಾಲದಲ್ಲಿ ಅಧಿಕಾರಿಗಳು ಬಾಗಿಲಿಗೆ ಚೀಟಿ ಅಂಟಿಸಿ ಹೇಳಿದ್ದೂ ಅದನ್ನೇ. ರೋಗ ಹೇಗೆ ಹರಡುತ್ತದೆ ಎಂದು ಜನ ಕಣ್ಣಾರೆ ಕಂಡಿದ್ದರು. ಯಾಕೆ ಹರಡುತ್ತದೆ ಎಂಬುದಕ್ಕೆ ಮಾತ್ರ ಆಗ ಯಾರಲ್ಲೂ ಉತ್ತರ ಇರಲಿಲ್ಲ, ಯುರೋಪಿನ ಡಾಕ್ಟರರಲ್ಲೂ ಇರಲಿಲ್ಲ.

ತೋಳಿನಿಂದ ತೋಳಿಗೆ ಬಂದ ಲಸಿಕೆ

1796ರ ಮೇ 14ರಂದು ಇಂಗ್ಲೆಂಡಿನ ಡಾಕ್ಟರ್ ಎಡ್ವರ್ಡ್ ಜೆನ್ನರ್ ಒಬ್ಬ ಹುಡುಗನ ತೋಳಿಗೆ ಆಕಳ ಸಿಡುಬಿನ ಕೀವು ಹಚ್ಚಿದ. ಆಮೇಲೆ ಮೈಲಿಯ ಕೀವು ಹಚ್ಚಿದರೂ ಆ ಹುಡುಗನಿಗೆ ಮೈಲಿ ಬರಲಿಲ್ಲ. ಹಾಲು ಹಿಂಡುವವರಿಗೆ ಮೈಲಿ ಬರುವುದಿಲ್ಲ ಎಂದು ಅಲ್ಲಿನ ಹಳ್ಳಿಗರು ಹೇಳುತ್ತಿದ್ದ ಮಾತೇ ಅವನಿಗೆ ದಾರಿ ತೋರಿಸಿತ್ತು.

ಆ ಲಸಿಕೆ ಭಾರತಕ್ಕೆ ಮುಟ್ಟಿದ್ದು 1802ರಲ್ಲಿ. ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ 3 ವರ್ಷದ ಮಗುವಿಗೆ ಹಾಕಿದ ಲಸಿಕೆಯೇ ಈ ದೇಶದ ಮೊದಲ ಲಸಿಕೆ. ಆಗ ಫ್ರಿಜ್ ಇಲ್ಲ, ಐಸ್ ಪೆಟ್ಟಿಗೆ ಇಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ತೋಳಿನಿಂದ ತೋಳಿಗೆ ದಾಟಿಸುತ್ತಲೇ ಅದನ್ನು ಊರಿಂದೂರಿಗೆ ಸಾಗಿಸಬೇಕಿತ್ತು. ಸರಪಳಿ ಕಡಿದರೆ ಲಸಿಕೆಯೂ ಸತ್ತಂತೆ.

ಆ ವರ್ಷ ಕಿತ್ತೂರು ಇನ್ನೂ ದೇಸಾಯರ ಸಂಸ್ಥಾನ. ಚನ್ನಮ್ಮ ರಾಣಿ ಇಂಗ್ಲಿಷರ ವಿರುದ್ಧ ಕತ್ತಿ ಎತ್ತಿದ 1824ಕ್ಕೆ ಇನ್ನೂ 22 ವರ್ಷ ಇತ್ತು. ಮುಂದೆ ಇಂಗ್ಲಿಷರ ಆಡಳಿತ ಬಂದಾಗ ಬೈಲಹೊಂಗಲ, ಕಿತ್ತೂರು ಸಂಪಗಾಂವ ತಾಲೂಕಿಗೆ ಸೇರಿದವು. ಸವದತ್ತಿ ಪರಸಗಡ ತಾಲೂಕಿನ ಮುಖ್ಯ ಊರಾಯಿತು. ಇವು ಮುಂಬಯಿ ಸರಕಾರದ ಕೈಯಲ್ಲಿದ್ದರೆ ರಾಮದುರ್ಗದಲ್ಲಿ ಭಾವೆ ಮನೆತನದ ಸಂಸ್ಥಾನ 1948ರವರೆಗೂ ನಡೆಯಿತು. ಇಂದು ಬಸ್ಸಿನಲ್ಲಿ ಒಂದೇ ದಿನ ಸುತ್ತಿ ಬರುವ ಈ ನಾಲ್ಕು ಊರು ಆಗ ಬೇರೆ ಬೇರೆ ಆಡಳಿತದಲ್ಲಿದ್ದವು. ಮೈಲಿಗೆ ಈ ಗಡಿ ಯಾವುದೂ ಅಡ್ಡ ಬರಲಿಲ್ಲ.

ಟಿಳಕವಾಡಿಯ ಆ ಕಾಡು

ಬೆಳಗಾವಿಗೆ ಹೋದವರು ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನ ನೋಡಿರುತ್ತೀರಿ. ಊರ ನಡುವೆ ಹಳೆಯ ಮರಗಳ ಹಸಿರು ಜಾಗ. ಬೆಳಗಿನ ವಾಕಿಂಗ್‌ಗೆ, ಸಭೆ-ಸಮಾರಂಭಕ್ಕೆ ಜನ ಬರುತ್ತಾರೆ. ಆ ಹೆಸರು ಯಾಕೆ ಬಂತು ಎಂದು ಕೇಳುವವರು ಕಡಿಮೆ.

20ನೇ ಶತಮಾನದ ಆರಂಭದಿಂದ ಅಲ್ಲಿ ಮೈಲಿ ಲಸಿಕೆ ತಯಾರಾಗುತ್ತಿತ್ತು. ತೋಳಿನಿಂದ ತೋಳಿಗೆ ದಾಟಿಸುವ ಪದ್ಧತಿಯಲ್ಲಿ ಬೇರೆ ರೋಗವೂ ಅಂಟುವ ಅಪಾಯ ಇತ್ತು. ಅದಕ್ಕೆ ಕರುವಿನ ಮೈಮೇಲೆ ಲಸಿಕೆಯ ವೈರಸ್ ಬೆಳೆಸುವ ಪದ್ಧತಿ ಬಂತು. ಕರುವಿನ ಚರ್ಮ ಬೋಳಿಸಿ, ಗೀರಿ, ಲಸಿಕೆ ಹಚ್ಚುವುದು. ಕೆಲವು ದಿನದ ಮೇಲೆ ಎದ್ದ ಗುಳ್ಳೆಯನ್ನು ಕೆರೆದು ತೆಗೆದು, ಶುದ್ಧ ಮಾಡಿ, ಲಸಿಕೆ ಮಾಡುವುದು. ಕರು ಕಟ್ಟಲು, ಮೇವು ಬೆಳೆಯಲು, ಜನವಸತಿಯಿಂದ ದೂರ ಇರಲು ದೊಡ್ಡ ಜಾಗ ಬೇಕಿತ್ತು.

1962ರಲ್ಲಿ ಭಾರತ ಸರಕಾರ ಮೈಲಿ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ದ್ರವರೂಪದ ಹಳೆಯ ಲಸಿಕೆ ನಮ್ಮ ಬಿಸಿಲಿಗೆ ಬೇಗ ಕೆಡುತ್ತಿತ್ತು. ಹೆಪ್ಪುಗಟ್ಟಿಸಿ ಒಣಗಿಸಿದ ಪುಡಿ ಲಸಿಕೆ ಬಿಸಿಲಿನಲ್ಲೂ ವಾರಗಟ್ಟಲೆ ತಡೆಯುತ್ತಿತ್ತು. ದೇಶದಲ್ಲಿ ಈ ಪುಡಿ ಲಸಿಕೆ ತಯಾರಿಸಿದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. ಉಳಿದವು ಮದ್ರಾಸಿನ ಗಿಂಡಿ, ಹೈದರಾಬಾದ್, ಉತ್ತರ ಪ್ರದೇಶದ ಗುಡ್ಡಗಾಡಿನ ಪಟವಾಡಾಂಗರ್.

ನಿಮ್ಮ ಮನೆಯಲ್ಲಿ 50 ದಾಟಿದವರ ತೋಳು ನೋಡಿ. ಚರ್ಮ ಕುಗ್ಗಿ ಗುಂಡಗೆ ಆಗಿರುವ ಹಳೆಯ ಕಲೆ ಕಾಣುತ್ತದೆ. ಅದೇ ಮೈಲಿ ಹಾಕಿಸಿದ ಗುರುತು. ಮೈಲಿ ಹಾಕುವವರು ಬಂದರು ಎಂದ ಕೂಡಲೇ ಮಕ್ಕಳನ್ನು ಕಣಜದ ಹಿಂದೆ, ಹೊಲದ ಗುಡಿಸಲಿನಲ್ಲಿ ಅಡಗಿಸಿದ ಕಥೆಯನ್ನು ಹಿರಿಯರೇ ನಗುತ್ತ ಹೇಳುತ್ತಾರೆ. ಕೇಳಿ ನೋಡಿ.

ಭಾರತದ ನೆಲದಲ್ಲಿ ಕೊನೆಯ ಮೈಲಿ ರೋಗಿ ಕಂಡಿದ್ದು 1975ರ ಮೇ 24ರಂದು, ಅಸ್ಸಾಮಿನ ಕರೀಂಗಂಜ್‌ನಲ್ಲಿ. 1977ರ ಅಕ್ಟೋಬರ್‌ನಲ್ಲಿ ಸೊಮಾಲಿಯಾದಲ್ಲಿ ಒಬ್ಬ ಆಸ್ಪತ್ರೆ ಅಡುಗೆಯವನಿಗೆ ಬಂದ ಮೈಲಿಯೇ ತಾನಾಗಿ ಹರಡಿದ್ದರಲ್ಲಿ ಕಡೆಯದು. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆ ಜಗತ್ತು ಮೈಲಿಯಿಂದ ಮುಕ್ತ ಎಂದು ಸಾರಿತು.

ಸಾವಿರ ರೂಪಾಯಿ ಬಹುಮಾನ

ಕೊನೆಯ ದಿನಗಳಲ್ಲಿ ಮೈಲಿ ರೋಗಿಯನ್ನು ತೋರಿಸಿದವರಿಗೆ ಸರಕಾರ 1,000 ರೂಪಾಯಿ ಬಹುಮಾನ ಘೋಷಿಸಿತ್ತು. ಆ ಕಾಲಕ್ಕೆ ಅದು ದೊಡ್ಡ ಹಣ. ಜನ ಓಡಿ ಬಂದು ಹೇಳಿದ ಸುದ್ದಿಗಳಲ್ಲಿ ಬಹಳಷ್ಟು ಮೈಲಿ ಆಗಿರಲಿಲ್ಲ, ಸೀತಾಳ ಸಿಡುಬು ಆಗಿತ್ತು. ಅಂದರೆ ಚಿಕನ್ ಪಾಕ್ಸ್.

ಎರಡನ್ನೂ ಬೇರೆ ಮಾಡಿ ಗುರುತಿಸುವುದನ್ನು ಆರೋಗ್ಯ ಕಾರ್ಯಕರ್ತರಿಗೆ ಕಲಿಸಬೇಕಾಯಿತು. ಮೈಲಿ ಗುಳ್ಳೆ ಮುಖ, ಕೈಕಾಲಿನ ಮೇಲೆ ದಟ್ಟ. ಅಂಗೈ, ಅಂಗಾಲಿಗೂ ಬರುತ್ತಿತ್ತು. ಒಂದು ಜಾಗದ ಗುಳ್ಳೆಗಳೆಲ್ಲ ಒಂದೇ ಹದದಲ್ಲಿ ಇರುತ್ತಿದ್ದವು. ಸೀತಾಳ ಸಿಡುಬು ಎದೆ, ಬೆನ್ನು, ಹೊಟ್ಟೆಯ ಮೇಲೆ ಹೆಚ್ಚು. ಒಂದು ಈಗ ಏಳುತ್ತಿದ್ದರೆ ಪಕ್ಕದ್ದು ಒಣಗಿ ಹೊಪ್ಪಳಿಕೆ ಆಗಿರುತ್ತದೆ.

ಮೈಲಿ ಹೋದ ಮೇಲೂ ಸೀತಾಳ ಸಿಡುಬು ಉಳಿಯಿತು. "ಅವ್ವ" ಎಂಬ ಹೆಸರೂ ಅದಕ್ಕೇ ಉಳಿಯಿತು. ಈಗ ಊರಲ್ಲಿ ಅವ್ವ ಬಂದಾಳ ಎಂದರೆ ಅದು ಚಿಕನ್ ಪಾಕ್ಸ್, ಇಲ್ಲವೇ ನಾವು ಗೊಬ್ಬರ ಎನ್ನುವ ದಡಾರ.

ಮೈಲಿಯನ್ನು ಓಡಿಸಲು ಸಾಧ್ಯವಾದದ್ದಕ್ಕೆ ಲಸಿಕೆ ಒಂದೇ ಕಾರಣ ಅಲ್ಲ. ಆ ವೈರಸ್‌ಗೆ ಮನುಷ್ಯನ ಮೈ ಬಿಟ್ಟರೆ ಬೇರೆ ಮನೆ ಇರಲಿಲ್ಲ. ದನ, ಇಲಿ, ಸೊಳ್ಳೆ ಯಾವುದರಲ್ಲೂ ಅದು ಬದುಕುತ್ತಿರಲಿಲ್ಲ. ಬಂದರೆ ಚರ್ಮದ ಮೇಲೆ ಎದ್ದು ಕಾಣುತ್ತಿತ್ತು, ಗುಟ್ಟಾಗಿ ಹರಡುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯ, ರೋಗಿ ಗುಣವಾದ ಮೇಲೆ ಅವನ ಮೈಯಲ್ಲಿ ಮೈಲಿ ವೈರಸ್ ಉಳಿಯುತ್ತಿರಲಿಲ್ಲ. ಸಾಯಿಸುತ್ತಿತ್ತು, ಇಲ್ಲ ಬಿಟ್ಟು ಹೋಗುತ್ತಿತ್ತು. ಹೋಗುವ ದಾರಿ ಮುಚ್ಚಿದ ಕೂಡಲೇ ಅದರ ಕಥೆ ಮುಗಿಯಿತು.

ಸೀತಾಳ ಸಿಡುಬಿನ ವೈರಸ್ ಹಾಗಲ್ಲ. ಅದು ಮೈ ಬಿಟ್ಟು ಹೋಗುವುದೇ ಇಲ್ಲ.

ಹಳ್ಳಿ ಡಾಕ್ಟರನ ದಾಖಲೆ ಪುಸ್ತಕ

1892ರಲ್ಲಿ ಹಂಗೇರಿ ದೇಶದ ಮಕ್ಕಳ ಡಾಕ್ಟರ್ ಬೋಕಾಯ್ ಒಂದು ವಿಚಿತ್ರ ಗಮನಿಸಿದ. ಮನೆಯಲ್ಲಿ ದೊಡ್ಡವರಿಗೆ ಸರ್ಪಸುತ್ತು ಆಗುತ್ತದೆ. ಎರಡು ವಾರದ ಆಚೀಚೆ ಅದೇ ಮನೆಯ ಮಕ್ಕಳಿಗೆ ಸೀತಾಳ ಸಿಡುಬು ಏಳುತ್ತದೆ. ಎರಡಕ್ಕೂ ಸಂಬಂಧ ಇದೆಯೇ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದವನು ಎಡ್ಗರ್ ಹೋಪ್-ಸಿಂಪ್ಸನ್. ದೊಡ್ಡ ಆಸ್ಪತ್ರೆಯವನಲ್ಲ, ಪ್ರಯೋಗಾಲಯದ ಪ್ರೊಫೆಸರನಲ್ಲ. ಇಂಗ್ಲೆಂಡಿನ ಸಿರೆನ್‌ಸೆಸ್ಟರ್ ಎಂಬ ಸಣ್ಣ ಊರಿನಲ್ಲಿ ಜ್ವರ-ಕೆಮ್ಮಿಗೆ ಔಷಧ ಕೊಡುತ್ತಿದ್ದ ಸಾಮಾನ್ಯ ಡಾಕ್ಟರ್. ಅವನ ಬಲ ಒಂದೇ: ಬಂದವರ ಹೆಸರು, ವಯಸ್ಸು, ರೋಗ, ದಿನಾಂಕ ಬಿಡದೆ ಬರೆದಿಡುತ್ತಿದ್ದ.

1947ರಿಂದ 1962ರವರೆಗೆ 16 ವರ್ಷ ಅವನು ಹಾಗೆ ಬರೆದ. ಅವನ ಕೈಕೆಳಗೆ ಇದ್ದ 3,534 ಜನರಲ್ಲಿ 192 ಸರ್ಪಸುತ್ತು ಕಂಡವು. ಲೆಕ್ಕ ಹಾಕಿದಾಗ ಎರಡು ವಿಷಯ ಎದ್ದು ಬಂದವು. ಸೀತಾಳ ಸಿಡುಬು ಅಲೆಯಂತೆ ಬಂದು ಹೋಗುತ್ತದೆ. ಸರ್ಪಸುತ್ತಿಗೆ ಆ ಅಲೆ ಇಲ್ಲ, ಅದು ವರ್ಷವಿಡೀ ಒಬ್ಬೊಬ್ಬರಿಗೆ ಬರುತ್ತಲೇ ಇರುತ್ತದೆ. ಅಂದರೆ ಅದು ಹೊರಗಿನಿಂದ ಅಂಟುವ ರೋಗ ಅಲ್ಲ. ಎರಡನೆಯದು, ವಯಸ್ಸು ಹೆಚ್ಚಿದಂತೆ ಸರ್ಪಸುತ್ತು ಹೆಚ್ಚು. ಎಲ್ಲರೂ 85 ವರ್ಷ ಬದುಕಿದರೆ ಅರ್ಧದಷ್ಟು ಜನಕ್ಕೆ ಒಮ್ಮೆಯಾದರೂ ಬಂದಿರುತ್ತದೆ ಎಂದು ಅವನು ಅಂದಾಜು ಮಾಡಿದ.

1965ರಲ್ಲಿ ಅವನು ತನ್ನ ತೀರ್ಮಾನ ಪ್ರಕಟಿಸಿದ. ಚಿಕ್ಕಂದಿನಲ್ಲಿ ಸೀತಾಳ ಸಿಡುಬು ಬಂದು ಹೋದಾಗ ವೈರಸ್ ಪೂರ್ತಿ ಹೋಗುವುದಿಲ್ಲ. ಚರ್ಮದಿಂದ ನರದ ಗುಂಟ ಹಿಂದಕ್ಕೆ ಹೋಗಿ, ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಮಲಗುತ್ತದೆ. ಮೈಯ ಶಕ್ತಿ ಅದನ್ನು ಕಾವಲು ಕಾಯುತ್ತಿರುತ್ತದೆ. ವಯಸ್ಸಾಗಿ, ಇಲ್ಲವೇ ಬೇರೆ ಕಾಯಿಲೆಯಿಂದ ಕಾವಲು ಸಡಿಲಾದರೆ ವೈರಸ್ ಎದ್ದು, ಅದೇ ನರದ ಗುಂಟ ಮತ್ತೆ ಚರ್ಮಕ್ಕೆ ಬರುತ್ತದೆ. ಅದೇ ಸರ್ಪಸುತ್ತು.

ಮುಂದೆ ಪ್ರಯೋಗಾಲಯಗಳು ಅವನ ಮಾತು ನಿಜ ಎಂದು ತೋರಿಸಿದವು. 1984ರಲ್ಲಿ ಒಬ್ಬನೇ ರೋಗಿಯ ಸೀತಾಳ ಸಿಡುಬಿನ ವೈರಸ್ಸನ್ನೂ ಆಮೇಲೆ ಬಂದ ಸರ್ಪಸುತ್ತಿನ ವೈರಸ್ಸನ್ನೂ ಹೋಲಿಸಿ ನೋಡಿದರು. ಎರಡೂ ಒಂದೇ.

ಹಾಗಾಗಿ ಇದನ್ನು ಮೈಲಿಯಂತೆ ಓಡಿಸುವುದು ಸುಲಭ ಅಲ್ಲ. ಇಂದು ಒಂದು ಮಗುವಿಗೂ ಸೀತಾಳ ಸಿಡುಬು ಇಲ್ಲ ಅಂದರೂ, ಅಜ್ಜನ ಬೆನ್ನೊಳಗೆ 60 ವರ್ಷದಿಂದ ಮಲಗಿರುವ ವೈರಸ್ ನಾಳೆ ಎದ್ದು ಮೊಮ್ಮಗನಿಗೆ ದಾಟಬಹುದು.

ಹಾವು ಯಾಕೆ ಸುತ್ತು ಮುಗಿಸುವುದಿಲ್ಲ

ಈಗ ಆ ಹಳೆಯ ಭಯಕ್ಕೆ ಬರೋಣ. ಬೆನ್ನುಹುರಿಯಿಂದ ಎಡಕ್ಕೊಂದು, ಬಲಕ್ಕೊಂದು ನರ ಹೊರಡುತ್ತದೆ. ಎಡದ ನರ ಎಡ ಮೈಯ ಒಂದು ಪಟ್ಟಿಯನ್ನು ಮಾತ್ರ ನೋಡಿಕೊಳ್ಳುತ್ತದೆ. ವೈರಸ್ ಎಡದ ನರಗಂಟಿನಲ್ಲಿ ಎದ್ದರೆ ಗುಳ್ಳೆ ಬೆನ್ನಿನ ನಡುಗೆರೆಯಿಂದ ಹೊಟ್ಟೆಯ ನಡುಗೆರೆಯವರೆಗೆ, ಎಡಬದಿಗೆ ಮಾತ್ರ. ಹೊಲದ ಬದುವಿಗೆ ಬಂದ ನೀರು ನಿಂತಂತೆ ಅಲ್ಲಿಗೆ ನಿಲ್ಲುತ್ತದೆ. ಹಾವಿನ ತಲೆ-ಬಾಲ ಕೂಡದಿರುವುದು ಮಂತ್ರದಿಂದಲ್ಲ, ನರದ ಹಾದಿಯೇ ಅಷ್ಟಿರುವುದರಿಂದ.

ಕೆಮ್ಮಣ್ಣು ಹಚ್ಚುವವರು, ಮಂತ್ರ ಹಾಕುವವರು ಗುಣ ಮಾಡಿದರು ಎಂದು ಜನ ನಂಬುವುದೂ ಇದೇ ಕಾರಣಕ್ಕೆ. ಹೆಚ್ಚಿನವರಲ್ಲಿ ಗುಳ್ಳೆ 2ರಿಂದ 4 ವಾರದಲ್ಲಿ ತಾನಾಗಿ ಒಣಗುತ್ತದೆ. ಕೆಮ್ಮಣ್ಣು ಹಚ್ಚಿದರೂ ಒಣಗುತ್ತದೆ, ಹಚ್ಚದಿದ್ದರೂ ಒಣಗುತ್ತದೆ. ಹೆಸರು ಬರುವುದು ಹಚ್ಚಿದವರಿಗೆ.

ನಷ್ಟ ಆಗುವುದು ಬೇರೆ ಕಡೆ. ಈ ವೈರಸ್‌ಗೆ ಔಷಧ ಇದೆ. ಏಸೈಕ್ಲೋವಿರ್ ಎಂಬ ಗುಳಿಗೆ. ಅದನ್ನು ಕಂಡುಹಿಡಿದ ತಂಡದ ಮುಖ್ಯಸ್ಥೆ ಗರ್ಟ್ರೂಡ್ ಎಲಿಯನ್ ಅವರಿಗೆ 1988ರ ನೊಬೆಲ್ ಬಹುಮಾನ ಬಂತು. ಈ ಗುಳಿಗೆಗೆ ಒಂದು ಷರತ್ತು ಇದೆ: ಗುಳ್ಳೆ ಎದ್ದ 72 ತಾಸಿನ ಒಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ. ಮೂರು ದಿನ ಕೆಮ್ಮಣ್ಣು, ಮೂರು ದಿನ ಮಂತ್ರ, ವಾರದ ಸಂತೆಗೆ ಹೋದಾಗ ಡಾಕ್ಟರಿಗೆ ತೋರಿಸೋಣ ಎನ್ನುವಷ್ಟರಲ್ಲಿ ಆ ಹೊತ್ತು ದಾಟಿರುತ್ತದೆ.

ಗುಳ್ಳೆ ಒಣಗಿದ ಮೇಲೂ ಕೆಲವರಿಗೆ ಉರಿ ಹೋಗುವುದಿಲ್ಲ. ತಿಂಗಳು, ಕೆಲವೊಮ್ಮೆ ವರ್ಷ. ಸೀರೆಯ ಸೆರಗು ತಾಗಿದರೂ ತಡೆಯಲಾಗದ ನೋವು. ವಯಸ್ಸಾದವರಲ್ಲಿ ಇದು ಹೆಚ್ಚು. "ಹುಣ್ಣು ಮಾಯ್ದಾವಲ್ಲ, ಮತ್ಯಾಕ ನರಳತಿ?" ಎಂದು ಮನೆಯವರು ಬೈಯುವುದೂ ಉಂಟು. ಆ ನೋವು ಸುಳ್ಳಲ್ಲ. ನರಕ್ಕೆ ಆದ ಗಾಯ ಅದು, ಅದಕ್ಕೂ ಬೇರೆ ಔಷಧ ಇದೆ.

ಹಣೆ, ಕಣ್ಣಿನ ಸುತ್ತ, ಮೂಗಿನ ತುದಿಗೆ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಕಣ್ಣು ಹೋಗುವ ಅಪಾಯ ಇದೆ.

ಚಿಕ್ಕ ವಯಸ್ಸಿನ ಸರ್ಪಸುತ್ತು

ಉತ್ತರ ಕರ್ನಾಟಕದಲ್ಲಿ ಎಚ್‌ಐವಿ ಹೆಚ್ಚಾಗಿದ್ದ ವರ್ಷಗಳಲ್ಲಿ ಈ ರೋಗಕ್ಕೆ ಇನ್ನೊಂದು ಅರ್ಥ ಬಂತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ದೇಶದಲ್ಲೇ ಹೆಚ್ಚು ಸೋಂಕಿನ ಜಿಲ್ಲೆಗಳ ಪಟ್ಟಿಯಲ್ಲಿ ಇದ್ದವು. ಎಚ್‌ಐವಿ ಕೂಡ ಮೈ ಬಿಟ್ಟು ಹೋಗದ ವೈರಸ್. ಅದು ಹಾಳು ಮಾಡುವುದು ಕಾವಲುಗಾರನನ್ನೇ. ಕಾವಲು ಬಿದ್ದ ಕೂಡಲೇ ಒಳಗೆ ಮಲಗಿದ್ದ ಸೀತಾಳ ಸಿಡುಬಿನ ವೈರಸ್ ಏಳುತ್ತದೆ. 25-30ರ ಹರೆಯದವರಿಗೆ ಸರ್ಪಸುತ್ತು ಬಂದರೆ ಎಚ್‌ಐವಿ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳುವುದು ಇದಕ್ಕೇ.

ಹಾಗೆಂದು ಸರ್ಪಸುತ್ತು ಬಂದವರೆಲ್ಲ ಎಚ್‌ಐವಿ ಇದ್ದವರಲ್ಲ. ಸಕ್ಕರೆ ಕಾಯಿಲೆ, ವಯಸ್ಸು, ಕ್ಯಾನ್ಸರ್ ಔಷಧ, ಹಲವು ಕಾರಣ ಇರುತ್ತವೆ. ಕೆಲವೊಮ್ಮೆ ಯಾವ ಕಾರಣವೂ ಕಾಣುವುದಿಲ್ಲ. ಊರವರು ಗುಳ್ಳೆ ನೋಡಿ ಅಳೆಯುವ ಕೆಲಸ ಬೇಡ. ಪರೀಕ್ಷೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಗುಟ್ಟಾಗಿ ಆಗುತ್ತದೆ. 2004ರ ಏಪ್ರಿಲ್‌ನಿಂದ ಎಚ್‌ಐವಿ ಗುಳಿಗೆಯೂ ದೇಶದಲ್ಲಿ ಪುಕ್ಕಟೆ ಸಿಗುತ್ತಿದೆ.

ಒಳಗಿನ ಸಂಸಾರ

ಒಂದು ವೈರಸ್ 60 ವರ್ಷ ಸದ್ದಿಲ್ಲದೆ ಮೈಯಲ್ಲಿ ಇರಬಹುದಾದರೆ, ಇನ್ನೆಷ್ಟು ಇರಬಹುದು? ಈ ಪ್ರಶ್ನೆಯೇ ಇಂದಿನ ವೈರೋಮ್ ಸಂಶೋಧನೆ.

ಮೊದಲು ವೈರಸ್ ಎಂದರೆ ರೋಗ ಬಂದಾಗ ಹುಡುಕುವ ವಸ್ತು ಆಗಿತ್ತು. ಕಳೆದ 20-25 ವರ್ಷದಲ್ಲಿ ರಕ್ತ, ಉಗುಳು, ಮಲದಲ್ಲಿರುವ ಎಲ್ಲ ವಂಶವಾಹಿಯನ್ನೂ ಒಟ್ಟಿಗೆ ಓದುವ ಯಂತ್ರಗಳು ಬಂದವು. ಆರೋಗ್ಯವಂತರನ್ನು ಓದಿದಾಗಲೂ ವೈರಸ್ ತುಂಬಿಕೊಂಡಿದ್ದವು. ಒಬ್ಬ ಮನುಷ್ಯನ ಮೈಯಲ್ಲಿ ಇರುವ ವೈರಸ್‌ಗಳ ಅಂದಾಜು ಲೆಕ್ಕ 10 ಲಕ್ಷ ಕೋಟಿ.

ಗಾಬರಿ ಬೇಡ. ಇದರಲ್ಲಿ ಹೆಚ್ಚಿನವು ನಮ್ಮ ಗೊಡವೆಗೆ ಬರುವವಲ್ಲ. ಅವು ನಮ್ಮ ಕರುಳಿನಲ್ಲಿರುವ ಬ್ಯಾಕ್ಟೀರಿಯಾವನ್ನು ತಿಂದು ಬದುಕುವ ವೈರಸ್‌ಗಳು. ಹೆಸರು ಫೇಜ್. ಇವುಗಳ ಮೊದಲ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲೇ. 1896ರಲ್ಲಿ ಹ್ಯಾಂಕಿನ್ ಎಂಬ ಇಂಗ್ಲಿಷ್ ವಿಜ್ಞಾನಿ ಗಂಗಾ, ಯಮುನಾ ನೀರಿನಲ್ಲಿ ಕಾಲರಾ ರೋಗಾಣು ಬೇಗ ಸಾಯುತ್ತದೆ ಎಂದು ಬರೆದ. ಯಾಕೆ ಎಂದು ಅವನಿಗೆ ಗೊತ್ತಾಗಲಿಲ್ಲ. 1917ರಲ್ಲಿ ಡಿ'ಹೆರೆಲ್ ಎಂಬುವನು ಬ್ಯಾಕ್ಟೀರಿಯಾ ತಿನ್ನುವ ಕಣಕ್ಕೆ ಹೆಸರು ಕೊಟ್ಟ. ಮುಂದೆ ಅವನೇ ಭಾರತಕ್ಕೆ ಬಂದು ಕಾಲರಾ ರೋಗಿಗಳ ಮೇಲೆ ಅದನ್ನು ಪ್ರಯೋಗ ಮಾಡಿದ. ಫೇಜ್ ಇಲ್ಲದ ನೀರಿಲ್ಲ, ಮಣ್ಣಿಲ್ಲ. ಮಲಪ್ರಭೆಯ ನೀರಿನಲ್ಲೂ ಇವೆ, ನಮ್ಮ ಎರೆಹೊಲದ ಮಣ್ಣಿನಲ್ಲೂ ಇವೆ. ಹಾಗೆಂದು ಹೊಳೆ ನೀರು ಔಷಧ ಎಂದು ಕುಡಿಯಬೇಡಿ. ರೋಗಾಣುಗಳೂ ಅದೇ ನೀರಿನಲ್ಲಿವೆ.

2014ರಲ್ಲಿ ಕಂಪ್ಯೂಟರಿನಲ್ಲಿ ಕೂಡಿಟ್ಟ ಹಳೆಯ ಮಾಹಿತಿಯನ್ನು ಮತ್ತೆ ಜಾಲಾಡಿದಾಗ ಜಗತ್ತಿನ ಅರ್ಧದಷ್ಟು ಜನರ ಕರುಳಿನಲ್ಲಿ ಇರಬಹುದಾದ ಒಂದು ಫೇಜ್ ಸಿಕ್ಕಿತು. ಅದಕ್ಕೆ ಕ್ರಾಸ್‌ಫೇಜ್ ಎಂದು ಹೆಸರಿಟ್ಟರು. ಅಷ್ಟು ಜನರ ಹೊಟ್ಟೆಯಲ್ಲಿದ್ದರೂ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಇನ್ನೂ ಆಳಕ್ಕೆ ಹೋದರೆ, ನಮ್ಮ ವಂಶವಾಹಿಯ ನೂರಕ್ಕೆ ಸುಮಾರು 8 ಭಾಗ ಲಕ್ಷಾಂತರ ವರ್ಷ ಹಿಂದೆ ನಮ್ಮ ಪೂರ್ವಜರಿಗೆ ಅಂಟಿ ಅಲ್ಲೇ ಸೇರಿಕೊಂಡ ಹಳೆಯ ವೈರಸ್‌ಗಳದು. ಬಸುರಿಯ ಹೊಟ್ಟೆಯಲ್ಲಿ ತಾಯಿ-ಮಗುವನ್ನು ಕೂಡಿಸುವ ಮಾಸು ಬೆಳೆಯಲು ಬೇಕಾದ ಒಂದು ಪ್ರೋಟೀನ್ ಬಂದದ್ದು ಹಾಗೆ ಸೇರಿಕೊಂಡ ವೈರಸ್‌ನಿಂದ. ನಾವೆಲ್ಲ ಹುಟ್ಟಿದ್ದರಲ್ಲಿ ಒಂದು ಪುರಾತನ ವೈರಸ್ಸಿನ ಪಾಲೂ ಇದೆ.

ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು

ಮೈಯಲ್ಲಿ ಉಳಿಯುವ ವೈರಸ್‌ಗಳು ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಏನು ಮಾಡುತ್ತವೆ ಎಂಬುದು ಈಗ ಒಂದೊಂದಾಗಿ ತಿಳಿಯುತ್ತಿದೆ. ಗರ್ಭಕಂಠದ ಕ್ಯಾನ್ಸರ್‌ಗೆ ಎಚ್‌ಪಿವಿ ಎಂಬ ವೈರಸ್ ಕಾರಣ ಎಂದು ತೋರಿಸಿದ ಹೆರಾಲ್ಡ್ ಜುರ್ ಹೌಸೆನ್ 2008ರ ನೊಬೆಲ್ ಪಡೆದರು. ಅದಕ್ಕೆ ಲಸಿಕೆ ಇದೆ. ಹೆಪಟೈಟಿಸ್ ಬಿ ವೈರಸ್ ಲಿವರ್‌ನಲ್ಲಿ ಉಳಿದು ಮುಂದೆ ಕ್ಯಾನ್ಸರ್ ತರಬಹುದು. ಅದಕ್ಕೂ ಲಸಿಕೆ ಇದೆ; ಈಗ ಹುಟ್ಟಿದ ಮಗುವಿಗೇ ಹಾಕುತ್ತಾರೆ.

ಸರ್ಪಸುತ್ತಿನ ವೈರಸ್ ಬಗ್ಗೆಯೂ 2025ರಲ್ಲಿ ಒಂದು ದೊಡ್ಡ ಸುದ್ದಿ ಬಂತು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ 2013ರ ಸೆಪ್ಟೆಂಬರ್‌ನಿಂದ ಸರ್ಪಸುತ್ತಿನ ಲಸಿಕೆ ಕೊಡತೊಡಗಿದರು. 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಅರ್ಹರು, ಒಂದು ದಿನ ಮೊದಲು ಹುಟ್ಟಿದ್ದರೂ ಇಲ್ಲ. ಒಂದೆರಡು ವಾರದ ಆಚೀಚೆ ಹುಟ್ಟಿದವರಲ್ಲಿ ಬೇರೆ ವ್ಯತ್ಯಾಸ ಏನಿರುತ್ತದೆ? ಊಟ ಒಂದೇ, ಊರು ಒಂದೇ. ಏಳು ವರ್ಷ ನೋಡಿದಾಗ ಲಸಿಕೆ ಪಡೆದವರಲ್ಲಿ ಮರೆವಿನ ರೋಗ ಸುಮಾರು 20 ಶೇಕಡಾ ಕಡಿಮೆ ಇತ್ತು. ನರದಲ್ಲಿ ಮಲಗಿದ ವೈರಸ್ಸಿಗೂ ಮುದಿವಯಸ್ಸಿನ ಮರೆವಿಗೂ ಏನೋ ನಂಟು ಇರಬಹುದು ಎಂಬ ಅನುಮಾನ ಇದರಿಂದ ಬಲವಾಯಿತು.

ಅನುಮಾನ ಎಂದೇ ಬರೆದಿದ್ದೇನೆ. ವೈರೋಮ್ ಸುದ್ದಿ ಓದುವಾಗ ಈ ಎಚ್ಚರ ಬೇಕು. ಕರುಳಿನ ಉರಿ ರೋಗ ಇದ್ದವರಲ್ಲಿ ಫೇಜ್‌ಗಳ ಸಂಖ್ಯೆ ಬೇರೆ ಇತ್ತು ಎಂದರೆ, ಫೇಜ್‌ನಿಂದ ರೋಗ ಬಂತೋ, ರೋಗದಿಂದ ಫೇಜ್ ಬದಲಾಯಿತೋ ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಬಾವಿ ಬತ್ತಿದ ವರ್ಷ ಬೆಳೆಯೂ ಒಣಗಿತು ಎಂದರೆ ಬಾವಿಯೇ ಬೆಳೆ ಒಣಗಿಸಿತು ಎಂದಾಗುವುದಿಲ್ಲ. ಎರಡಕ್ಕೂ ಕಾರಣ ಬಾರದ ಮಳೆ ಇರಬಹುದು. ನಾಳೆ ಯಾರಾದರೂ ನಿಮ್ಮ ಮೊಬೈಲಿಗೆ "ಹೊಟ್ಟೆಯ ವೈರಸ್ ಪರೀಕ್ಷೆ ಮಾಡಿಸಿ, ಎಲ್ಲ ರೋಗ ಗುಣ" ಎಂದು ಜಾಹೀರಾತು ಕಳಿಸಿದರೆ ದುಡ್ಡು ಕೊಡಬೇಡಿ. ವಿಜ್ಞಾನ ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ನಮ್ಮ ಕೈಯಲ್ಲಿರುವುದು

ಮುಟ್ಟಿರುವಷ್ಟಾದರೂ ನಮ್ಮ ಊರಿಗೆ ಬರಬೇಕಲ್ಲ. ಸರ್ಪಸುತ್ತಿನ ಲಸಿಕೆ 2023ರಿಂದ ನಮ್ಮ ದೇಶದಲ್ಲೂ 50 ದಾಟಿದವರಿಗೆ ಸಿಗುತ್ತದೆ. ಆದರೆ ಎರಡು ಡೋಸಿಗೆ ಸಾವಿರಾರು ರೂಪಾಯಿ, ಸರಕಾರ ಪುಕ್ಕಟೆ ಕೊಡುವ ಪಟ್ಟಿಯಲ್ಲಿ ಇಲ್ಲ. ಸೀತಾಳ ಸಿಡುಬಿನ ಲಸಿಕೆಯನ್ನು ಜಪಾನಿನ ತಕಾಹಾಶಿ 1974ರಲ್ಲೇ ಮಾಡಿದರು. ಅದೂ ನಮ್ಮ ಮಕ್ಕಳ ಸರಕಾರಿ ಲಸಿಕೆ ಪಟ್ಟಿಯಲ್ಲಿ ಇಲ್ಲ. ಕೂಲಿ ಮಾಡುವ ಮನೆಗೆ ಇವೆರಡೂ ದೂರದ ಮಾತು.

ಗುಳಿಗೆ ಮಾತ್ರ ದೂರದ ಮಾತಲ್ಲ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏಸೈಕ್ಲೋವಿರ್ ಇದೆಯೇ ಎಂದು ಇಂದೇ ಕೇಳಿ. ಇಲ್ಲ ಎಂದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ರಸ್ತೆ, ಗಟಾರದಷ್ಟೇ ಇದೂ ಕೇಳುವ ವಿಷಯ.

ಒಂದು ಬದಿಗೆ ಸಾಲಾಗಿ ಉರಿಯುವ ಗುಳ್ಳೆ ಎದ್ದರೆ 3 ದಿನದ ಒಳಗೆ ಡಾಕ್ಟರ ಹತ್ತಿರ ಹೋಗಿ. ಹರಕೆ ಇದ್ದರೆ ಆಮೇಲೆ ತೀರಿಸಿ, ಯಲ್ಲಮ್ಮ ಕಾಯುತ್ತಾಳೆ, ವೈರಸ್ ಕಾಯುವುದಿಲ್ಲ. ಗುಳ್ಳೆ ಒಣಗುವವರೆಗೆ ಸ್ವಚ್ಛ ಅರಿವೆ ಮುಚ್ಚಿ. ಕೂಸು, ಬಸುರಿ ಹೆಣ್ಣುಮಗಳು ಆ ಗುಳ್ಳೆಯ ರಸಕ್ಕೆ ತಾಗದಂತೆ ನೋಡಿಕೊಳ್ಳಿ. ಕೆಮ್ಮಣ್ಣು, ಸೊಪ್ಪಿನ ರಸ ಒಡೆದ ಗುಳ್ಳೆಗೆ ಹಚ್ಚಿದರೆ ಕೀವಾಗುವ ಅಪಾಯ ಇದೆ.

ಇನ್ನೊಂದು ಕೆಲಸವೂ ನಮ್ಮದೇ. ಹೋಪ್-ಸಿಂಪ್ಸನ್ ಗೆದ್ದದ್ದು ದೊಡ್ಡ ಯಂತ್ರದಿಂದಲ್ಲ, 16 ವರ್ಷ ಬಿಡದೆ ಬರೆದಿಟ್ಟ ಪುಸ್ತಕದಿಂದ. ಮನೆಯಲ್ಲಿ ಯಾರಿಗೆ ಯಾವ ವರ್ಷ ಅವ್ವ ಬಂದಿದ್ದಳು, ಯಾರಿಗೆ ಸರ್ಪಸುತ್ತು ಆಗಿತ್ತು, ಯಾವ ಬದಿಗೆ, ನೋವು ಎಷ್ಟು ದಿನ ಇತ್ತು, ಯಾವ ಲಸಿಕೆ ಹಾಕಿಸಿದ್ದೀರಿ ಎಂದು ಒಂದು ವಹಿಯಲ್ಲಿ ಬರೆದಿಡಿ. ಬಿತ್ತನೆ ಲೆಕ್ಕ, ಡೇರಿ ಲೆಕ್ಕ ಬರೆಯುವ ನಮಗೆ ಇದು ಕಷ್ಟವಲ್ಲ. ಮುಂದೆ ಡಾಕ್ಟರ ಎದುರು ಕುಳಿತಾಗ ಅದೇ ಅರ್ಧ ಔಷಧ.

ಮೈಲಿಯನ್ನು ನಾವು ಊರಿಂದಾಚೆ ಕಳಿಸಿದೆವು. ಅದರ ಗುರುತು ಹಿರಿಯರ ತೋಳಿನ ಮೇಲಿದೆ. ಈ ಇನ್ನೊಂದು ವೈರಸ್ ನಮ್ಮ ಜೊತೆಯೇ ಮುದುಕಾಗುತ್ತದೆ. ಅದನ್ನು ಓಡಿಸಲು ಆಗದಿದ್ದರೂ ಅದು ಎದ್ದ ದಿನ ನಾವು ಎಷ್ಟು ಬೇಗ ಏಳುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.